ಕೆರೆಯ ದಡದಲ್ಲಿ ನಾನು ಕಂಡದ್ದು

೧೯೩೪ ಜನವರಿ ೨೨, ಸೋಮವಾರ. ಮೈಸೂರು

ಬೆಳಿಗ್ಗೆ ಹತ್ತು ಗಂಟೆಗೆ ಬಿಟ್ಟರು. ಜೈಲಿನ ಬಾಗಿಲಿನಿಂದ ಆಚೆ ಎಪ್ಪತ್ತು ಹೆಜ್ಜೆ ನಡೆದ ಮೇಲೆ ಕಾಲು ತಾನಾಗಿಯೇ ನಿಂತು ಹಿಂದಕ್ಕೆ ತಿರುಗಿತು. ಒಳಗಿನ ಅಂಗಳದ ಉದ್ದ ಅಷ್ಟೇ. ಎಂಟು ವರ್ಷ ಅಷ್ಟೇ ದೂರ ನಡೆದ ಕಾಲು. ಹೂ ಮಾರುತ್ತಿದ್ದವಳೊಬ್ಬಳು ನೋಡಿ ನಕ್ಕಳು. ಮತ್ತೆ ತಿರುಗಿ ನಡೆದೆ.

ಈ ಪುಸ್ತಕ ಕೊಟ್ಟವರು ಒಳಗೆ ನಮಗೆ ಓದು ಹೇಳಿಕೊಡಲು ಬರುತ್ತಿದ್ದ ಮೇಷ್ಟ್ರು. ಆಡುವಂತೆ ಬರೆಯಬೇಡ, ಅಚ್ಚಿನ ಪುಸ್ತಕದಲ್ಲಿರುವಂತೆ ಬರೆ, ಮೊದಲ ಪುಟದಲ್ಲಿ ನೀನು ಯಾರೆಂದು ಬರೆದುಕೋ ಎಂದಿದ್ದರು. ಬರೆಯುತ್ತೇನೆ. ಹೆಸರು ಮಾದೇವ. ವಯಸ್ಸು ಮೂವತ್ತನಾಲ್ಕು. ಊರು ಗಾವಡಗೆರೆಯ ಹತ್ತಿರದ ಹಳ್ಳಿ. ಕಸುಬು ಮರಗೆಲಸ. ಅಪರಾಧ, ವೀರನಹೊಸಹಳ್ಳಿಯ ಕಾಡಿನಲ್ಲಿ ಫಾರೆಸ್ಟ್ ಗಾರ್ಡ್ ಒಬ್ಬರ ಬಲಗೈಯನ್ನು ಮಚ್ಚಿನಿಂದ ಕಡಿದದ್ದು. ಕಡಿದವನು ನಾನಲ್ಲ.

ಕದ್ದು ಬಿದಿರು ತರಲು ಮೂವರು ಹೋಗಿದ್ದೆವು. ನಾನು, ಚಾಮಯ್ಯ, ಚಾಮಯ್ಯನ ತಮ್ಮ. ಗಾರ್ಡು ನಮ್ಮನ್ನು ಅಡ್ಡಗಟ್ಟಿದಾಗ ಹಿಂದಿನಿಂದ ಬಂದು ಬೀಸಿದವನು ಆ ತಮ್ಮ. ಚಾಮಯ್ಯ ನನ್ನ ಜೊತೆ ಆಡಿ ಬೆಳೆದವನು, ನಮ್ಮ ಅವ್ವ ಇಕ್ಕಿದ ಮುದ್ದೆ ಉಂಡವನು. ಅವನು ಕೋರ್ಟಿನಲ್ಲಿ ದೇವರ ಮೇಲೆ ಪ್ರಮಾಣ ಮಾಡಿ, ಮಚ್ಚು ಮಾದೇವನ ಕೈಯಲ್ಲಿತ್ತು, ಕಣ್ಣಾರೆ ಕಂಡೆ ಅಂದ. ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಬದುಕಿಗೊಂದು ಗುರಿ ಇರಬೇಕು ಎಂದು ಮೇಷ್ಟ್ರು ಇವತ್ತು ಬೀಳ್ಕೊಡುವಾಗಲೂ ಹೇಳಿದರು. ಇದೆ ಸ್ವಾಮಿ ಅಂದೆ. ಏನೆಂದು ಅವರು ಕೇಳಲಿಲ್ಲ.

ಜನವರಿ ೨೩, ಮಂಗಳವಾರ. ಸಾಲಿಗ್ರಾಮ

ಎಡತೊರೆಗೆ ಟಿಕೆಟ್ಟು ಕೇಳಿದರೆ ಆ ಹೆಸರಿನ ಊರು ಈಗಿಲ್ಲ ಎಂದು ಕಿಟಕಿಯವನು ರೇಗಿದ. ಹೊಳೆಯ ನೀರಿಗೆ ಸಿಕ್ಕಿ ಹಾಳಾದ ಊರನ್ನು ಎತ್ತರಕ್ಕೆ ತಂದು ಕೃಷ್ಣರಾಜನಗರ ಎಂದು ಕಟ್ಟಿದ್ದಾರೆ. ರೈಲಿಳಿದು ನೋಡಿದೆ. ನೂಲು ಹೊಡೆದು ಗೆರೆ ಎಳೆದಂಥ ಬೀದಿಗಳು. ನಾನು ಕುಳಿತಲ್ಲೇ ಕುಳಿತಿದ್ದಾಗ ಒಂದು ಊರಿಗೆ ಊರೇ ಎದ್ದು ಬೇರೆ ಕಡೆ ಹೋಗಿದೆ.

ಸಾಲಿಗ್ರಾಮದವರೆಗೆ ನಡೆದೆ. ದಾರಿಯ ಎರಡೂ ಕಡೆ ಹುರುಳಿ ಒಣಗಿತ್ತು. ಇಷ್ಟು ವರ್ಷದ ಮೇಲೆ ಇಷ್ಟು ದೂರ ನಡೆಯುವವನಿಗೆ ಸಂತೋಷವಾಗಬೇಕಿತ್ತು. ಪ್ರತಿ ಮೈಲಿಗಲ್ಲಿನ ಹತ್ತಿರವೂ ಚಾಮಯ್ಯನ ಮುಖವೇ ಬರುತ್ತಿತ್ತು.

ತಂಗಿ ಪುಟ್ಟಸಿದ್ದಮ್ಮ ಗುರುತು ಹಿಡಿಯದೆ, ಯಾರು ಬೇಕಾಗಿತ್ತು ಎಂದು ಕೇಳಿದಳು. ಆಮೇಲೆ ಬಾಗಿಲು ಹಿಡಿದುಕೊಂಡು ಅತ್ತಳು. ಅವ್ವ ಸತ್ತ ಸುದ್ದಿ ಐದು ವರ್ಷದ ಹಿಂದೆಯೇ ಕಾಗದದಲ್ಲಿ ಬಂದಿತ್ತು. ಹೇಗೆ ಬದುಕಿದ್ದಳೆಂಬುದನ್ನು ತಂಗಿ ಇವತ್ತು ಹೇಳಿದಳು. ನಾನು ಹೋದ ಮೇಲೆ ಊರಿನ ಹೆಂಗಸರು ಅವಳನ್ನು ಮರಮ್ಮ ಎಂದು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟರಂತೆ. ಕೈ ಕಡಿದವನ ಅವ್ವ ಅನ್ನುತ್ತಿದ್ದರಂತೆ. ಪಕ್ಕದ ಮನೆಯ ಬಸವಮ್ಮ ಬಾವಿಕಟ್ಟೆಯ ಮೇಲಿದ್ದ ಅವ್ವನ ಬಿಂದಿಗೆಯನ್ನು ಕಾಲಿನಿಂದ ಸರಿಸಿದಳಂತೆ. ಅಂದಿನಿಂದ ಅವ್ವ ಒಂದೂವರೆ ಮೈಲಿ ದೂರದ ಬೇರೆ ಊರಿನಿಂದ ನೀರು ಹೊತ್ತು ತಂದಳು. ಸಾಯುವ ವಾರದವರೆಗೂ.

ಇದನ್ನು ಬರೆದಿಡುತ್ತೇನೆ. ಮರೆಯಬಾರದು.

ಜನವರಿ ೨೮, ಭಾನುವಾರ. ಸಾಲಿಗ್ರಾಮ

ತಂಗಿಯ ಗಂಡ ಒಳ್ಳೆಯವನು. ಇಲ್ಲೇ ಇರಿ, ನೇಗಿಲು ಮಾಡಿಕೊಡಿ ಅನ್ನುತ್ತಾನೆ. ಇವತ್ತು ಊಟದ ಮೇಲೆ ಚಾಮಯ್ಯನ ವಿಷಯ ನಾನೇ ತೆಗೆದೆ. ಗಾಡಿ ಹೊಡೆಯುತ್ತಾನಂತೆ. ಹುಣಸೂರಿನಿಂದ ಗಾವಡಗೆರೆ ಕಡೆಗೆ ಸಾಮಾನು ಸಾಗಿಸುತ್ತಾನಂತೆ. ಅವನ ತಮ್ಮ ಎಲ್ಲಿದ್ದಾನೆ ಎಂದೆ.

"ಅವ್ನು ಸತ್ತೋಗಿ ಆರು ವರ್ಸ ಆಯ್ತು ಕಣಣ್ಣ," ಅಂದಳು ತಂಗಿ. "ಕಾಕನಕೋಟೆ ಕಡೀಕೆ ಕೂಲಿಗೆ ವೋಗಿದ್ದ. ಕಾಡ್ ಜ್ವರ. ಒಂದು ವಾರಾನೂ ಇರ್ನಿಲ್ಲ."

ಅವನನ್ನು ಉಳಿಸಲೆಂದು ನನ್ನನ್ನು ಕೊಟ್ಟರು. ಅವನೂ ಉಳಿಯಲಿಲ್ಲ. ನನ್ನ ಎಂಟು ವರ್ಷ ಯಾರ ಹೊಟ್ಟೆಗೂ ಅನ್ನವಾಗಲಿಲ್ಲ. ಬೀದಿಗೆ ಚೆಲ್ಲಿದ ಹಾಗಾಯಿತು.

ತಂಗಿ ನನ್ನ ಮುಖ ನೋಡಿ, ಬುಡಣ್ಣ, ದೇವರು ನೋಡಿಕೊಂಡ ಅಂದಳು. ದೇವರು ನೋಡಿಕೊಂಡದ್ದು ತಮ್ಮನನ್ನು. ಅಣ್ಣನನ್ನು ನನಗೆ ಬಿಟ್ಟಿದ್ದಾನೆ.

ಫೆಬ್ರವರಿ ೧, ಗುರುವಾರ. ಹುಣಸೂರು

ಬೇಕೆಂದೇ ಇಲ್ಲಿಗೆ ಬಂದೆ. ಚಾಮಯ್ಯನ ಗಾಡಿ ಈ ಊರನ್ನು ಹಾದು ಹೋಗಲೇಬೇಕು. ಗಾಡಿ ಮಾಡುವ ಅಂಗಡಿಗಳು ಇಲ್ಲಿ ಬೀದಿಗೆ ಎರಡು. ಗಯಾಸುದ್ದೀನ್ ಸಾಬರ ಕಾರ್ಖಾನೆಯಲ್ಲಿ ಕೆಲಸ ಕೇಳಿದೆ. ಎಲ್ಲಿ ಕಲಿತೆ ಅಂದರು. ಸ್ವಲ್ಪ ನಮ್ಮಪ್ಪನ ಹತ್ತಿರ, ಉಳಿದದ್ದು ಜೈಲಿನಲ್ಲಿ ಅಂದೆ. ಸುಳ್ಳು ಹೇಳುವುದನ್ನು ಮಾತ್ರ ನಾನು ಚಾಮಯ್ಯನಿಂದ ಕಲಿಯಲಿಲ್ಲ. ಸಾಬರು ಗಡ್ಡ ಕೆರೆದುಕೊಂಡು, ಚಕ್ರದ ಕಡ್ಡಿ, ಒಂದು ಅರೆಕಾಲು ಮಾಡಿ ತೋರಿಸು ಅಂದರು. ಮಾಡಿದೆ. ಚಕ್ರದ ನಡುವಿನ ಗುಂಬಕ್ಕೆ ಅದನ್ನು ಹೊಡೆದು ಕೂರಿಸಿ, ಅಲ್ಲಾಡಿಸಿ ನೋಡಿ, ನಾಳೆಯಿಂದ ಬಾ ಅಂದರು. ಹಿಂದಿನ ಕೊಟ್ಟಿಗೆಯಲ್ಲಿ ಮಲಗಲು ಜಾಗ. ಅವರ ಹೆಂಡತಿ ಬಷೀರಾಬಿ ಪರದೆಯ ಹಿಂದಿನಿಂದ ರೊಟ್ಟಿ ಕಳಿಸಿದರು.

ಸಾಣೆಕಲ್ಲು ಚೆನ್ನಾಗಿದೆ. ಸಂಜೆ ಉಳಿ ಮಸೆದ ಮೇಲೆ, ದಾರಿಯಲ್ಲಿ ಕೊಂಡು ತಂದ ಮಚ್ಚನ್ನೂ ಮಸೆದೆ.

ಫೆಬ್ರವರಿ ೮

ಕಂಡೆ. ಸೇತುವೆಯ ಹತ್ತಿರ, ಗಾಡಿಯ ಮೇಲೆ. ತಲೆ ನರೆತಿದೆ. ನನಗಿಂತ ಒಂದು ವರ್ಷಕ್ಕೆ ಚಿಕ್ಕವನು. ಅವನು ನೋಡಲಿಲ್ಲ.

ಫೆಬ್ರವರಿ ೧೪, ಬುಧವಾರ

ಅವನ ಗಾಡಿ ನಮ್ಮ ಅಂಗಡಿಗೇ ಬಂತು. ಎಡಗಡೆಯ ಚಕ್ರ ಸಡಿಲವಾಗಿದೆಯಂತೆ. ನಾನು ಒಳಗೆ ಗರಗಸ ಹಿಡಿದಿದ್ದೆ, ದನಿ ಕೇಳಿಯೇ ಗೊತ್ತಾಯಿತು. ನಾಳೆ ಬರುತ್ತೇನೆ ಎಂದು ಎತ್ತು ಬಿಚ್ಚಿಕೊಂಡು ಹೋದ. ಸಾಬರು ಆ ಚಕ್ರವನ್ನು ನನಗೇ ಕೊಟ್ಟರು.

ಇದಕ್ಕಿಂತ ಸುಲಭ ಇನ್ನಾವುದಿದೆ. ಒಂದು ಅರೆಕಾಲನ್ನು ಒಳಗಿನಿಂದ ಅರ್ಧ ಕೊಯ್ದು ಬಿಟ್ಟರೆ ಸಾಕು. ಇಳಿಜಾರಿನಲ್ಲಿ ಮುರಿಯುತ್ತದೆ. ಗರಗಸ ಇಟ್ಟೆ. ಹೊಟ್ಟು ಉದುರುವಷ್ಟು ಎಳೆದೆ ಕೂಡ.

ಆಮೇಲೆ ನಿಲ್ಲಿಸಿದೆ. ಗಾಡಿ ಮಗುಚಿ ಸತ್ತರೆ ಅದು ಗಾಡಿಯಿಂದ ಆದ ಸಾವು. ಯಾರು ಕೊಂದರೆಂದು ಸಾಯುವವನಿಗೆ ಗೊತ್ತಾಗುವುದಿಲ್ಲ. ನನಗೆ ಅದು ಬೇಡ. ಅವನು ನನ್ನ ಮುಖ ನೋಡಬೇಕು. ಕೊಯ್ದ ಅರೆಕಾಲನ್ನು ತೆಗೆದು ಒಲೆಗೆ ಹಾಕಿ ಹೊಸದನ್ನು ಕೂರಿಸಿದೆ. ಇಡೀ ದಿನ ಹಿಡಿಯಿತು. ಚೆನ್ನಾಗಿ ಬಂದಿದೆ, ಇಪ್ಪತ್ತು ವರ್ಷ ಅಲ್ಲಾಡುವುದಿಲ್ಲ ಎಂದು ಸಾಬರು ಮೆಚ್ಚಿದರು.

ಫೆಬ್ರವರಿ ೨೫, ಭಾನುವಾರ

ಊರಿಗೆ ಹೋಗಿದ್ದೆ. ಮನೆ ಇಲ್ಲ. ಮೂರು ಮೊಳ ಗೋಡೆ ನಿಂತಿದೆ, ತೊಲೆಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರೆ. ಅಪ್ಪ ಕೆತ್ತಿದ ಬಾಗಿಲುವಾಡವೂ ಇಲ್ಲ. ಒಳಗೆ ಅವ್ವ ಒಲೆ ಹೂಡಿದ್ದ ಜಾಗದಲ್ಲಿ ಹರಳುಗಿಡ ಬೆಳೆದಿದೆ. ಜೈಲಿನಲ್ಲಿ ಕಣ್ಣು ಮುಚ್ಚಿದಾಗಲೆಲ್ಲ ನಾನು ಬರುತ್ತಿದ್ದದ್ದು ಈ ಮನೆಗೆ. ಆ ಎಂಟು ವರ್ಷ ಮನೆ ನನ್ನ ತಲೆಯಲ್ಲಿ ಮಾತ್ರ ನಿಂತಿತ್ತು ಅಂತ ಇವತ್ತು ತಿಳಿಯಿತು.

ಬಸವಮ್ಮ ತನ್ನ ಜಗಲಿಯಿಂದ ನೋಡಿ ಗುರುತು ಹಿಡಿದಳು. ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಗಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದಳು. ಒಳಗಿನಿಂದ ಆ ಮಗು ಯಾರಜ್ಜಿ ಎಂದು ಕೇಳಿದ್ದೂ, ಇವಳು "ಕೈ ಕಡ್ದವ್ನು ಕಣವ್ವ" ಅಂದದ್ದೂ ಬೀದಿಯವರೆಗೆ ಕೇಳಿತು.

ನಾನು ಹೋದಾಗ ಹುಟ್ಟಿಯೇ ಇರದ ಮಕ್ಕಳಿಗೂ ನನ್ನ ಹೆಸರು ಹಾಗೆ ಗೊತ್ತಾಗಿದೆ. ಇನ್ನು ತಡ ಮಾಡಬಾರದು.

ಮಾರ್ಚ್ ೬, ಮಂಗಳವಾರ

ಸಾಬರಿಗೆ ಒಂದು ದಿನದ ರಜೆ ಹೇಳಿ ಬೆಳಿಗ್ಗೆ ಹೊರಟೆ. ಮಚ್ಚು ಟವೆಲಿನಲ್ಲಿ ಸುತ್ತಿತ್ತು. ಊರಿಗೆ ನಾಲ್ಕು ಮೈಲಿ ಈಚೆ ರಸ್ತೆಯ ಪಕ್ಕ ಕೆರೆಯಿದೆ. ಲೋಡು ಇಳಿಸಿ ಬರುವಾಗ ಅವನು ಅಲ್ಲಿ ಎತ್ತು ತೊಳೆಯುತ್ತಾನೆಂದು ತಿಳಿದುಕೊಂಡಿದ್ದೆ. ದಡದ ಲಂಟಾನ ಪೊದೆಯಲ್ಲಿ ಮಚ್ಚು ಬಿಚ್ಚಿಕೊಂಡು ಕುಳಿತೆ.

ಎರಡು ಗಂಟೆ ಸುಮಾರಿಗೆ ಬಂದ. ಒಬ್ಬನೇ. ಎತ್ತು ಬಿಚ್ಚಿದ. ಎಡಗಡೆಯ ಬಿಳಿ ಎತ್ತು ಕುಂಟುತ್ತಿತ್ತು. ಅದರ ಹಿಂಗಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಗೊರಸಿನೊಳಗೆ ಮುರಿದಿದ್ದ ಮುಳ್ಳನ್ನು ಕೀಳಲು ಕುಳಿತ. ನನಗೂ ಅವನಿಗೂ ಇಪ್ಪತ್ತು ಮಾರು. ಬೆನ್ನು ನನ್ನ ಕಡೆಗಿರಲಿಲ್ಲ, ಮುಖವೂ ಇರಲಿಲ್ಲ, ತಲೆ ಬಗ್ಗಿಸಿಕೊಂಡಿದ್ದ. ಕತ್ತು ಪೂರಾ ಕಾಣುತ್ತಿತ್ತು.

ಎದ್ದು ನಿಲ್ಲಲಿ, ನನ್ನನ್ನು ನೋಡಲಿ ಎಂದು ಕಾದೆ. ಏಳಲಿಲ್ಲ. ಮೊದಲು ಬಾಯಿಂದ ಊದಿದ. ಆಮೇಲೆ ಬಿಸಿಲಿಗೆ ಕಾದ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಗೊರಸಿಗೆ ಶಾಖ ಕೊಟ್ಟ. ನಮ್ಮಪ್ಪ ನಮ್ಮಿಬ್ಬರಿಗೂ ಕಲಿಸಿದ್ದು ಹಾಗೆಯೇ. ಮುಳ್ಳನ್ನು ಬೆದರಿಸಬಾರದು, ತಾನಾಗಿ ಬರುವಂತೆ ಮಾಡಬೇಕು ಅನ್ನುತ್ತಿದ್ದ. ಜನ ಈಗಲೂ ಎಡತೊರೆಯ ಬಸ್ಸು ಅನ್ನುವ ಕೃಷ್ಣರಾಜನಗರದ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಅದು ಅಲ್ಲಿ ಹಾಯುವುದು ಮೂರು ಗಂಟೆಗೆ. ಆಗಲೂ ಅವನು ಗೊರಸನ್ನೇ ಹಿಡಿದಿದ್ದ. ಬಸ್ಸು ಹೋಗಿ ಬಹಳ ಹೊತ್ತಾದ ಮೇಲೆ ಮುಳ್ಳು ಬಂತು. ಗಾಯಕ್ಕೆ ಗೇರೆಣ್ಣೆ ಹಚ್ಚಿದ. ಅಷ್ಟರಲ್ಲಿ ಬಟ್ಟೆ ಒಗೆಯಲು ಹೆಂಗಸರು ಬಂದರು.

ನನ್ನ ಕಾಲು ಜೋಮು ಹಿಡಿದಿತ್ತು. ಅವನು ತಲೆ ಎತ್ತಿದ್ದರೆ ಇವತ್ತು ಮುಗಿದಿರುತ್ತಿತ್ತು. ತಲೆ ಬಗ್ಗಿಸಿದವನ ಮೇಲೆ ಬೀಸಲು ನಾನೇನು ಅವನ ತಮ್ಮನೇ.

ಮುಂದಿನ ಮಂಗಳವಾರ.

ಮಾರ್ಚ್ ೮, ಗುರುವಾರ

ಇವತ್ತು ಅಂಗಡಿಯಲ್ಲಿ ಒಂದು ಸುದ್ದಿ. ಮೊನ್ನೆ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮೂರ ಪಟೇಲರ ಬಣವೆಗೆ ಬೆಂಕಿ ಬಿದ್ದು, ಪಕ್ಕದ ದನದ ಕೊಟ್ಟಿಗೆಯೂ ಸುಟ್ಟು, ಎರಡು ಹಸು ಸತ್ತವಂತೆ. ಹಿಂದಿನ ದಿನ ಗಾಡಿದಾರಿಯ ವಿಷಯಕ್ಕೆ ಚಾಮಯ್ಯನಿಗೂ ಪಟೇಲರಿಗೂ ಜಗಳವಾಗಿತ್ತಂತೆ. ಬಣವೆ ಮೇಲೆ ಬೆಂಕಿ ಬೀಳ ಎಂದು ಇವನು ನಾಲ್ಕು ಜನರ ಎದುರಿಗೆ ಶಾಪ ಹಾಕಿದ್ದನಂತೆ. ಪೊಲೀಸರು ಹಿಡಿದುಕೊಂಡು ಬಂದು ಇಲ್ಲಿಯೇ ಲಾಕಪ್ಪಿನಲ್ಲಿಟ್ಟಿದ್ದಾರೆ. ಓಡಿಹೋಗುವುದನ್ನು ಕಣ್ಣಾರೆ ಕಂಡೆ ಅನ್ನಲು ಪಟೇಲರ ಆಳು ಒಬ್ಬ ಸಿದ್ಧವಾಗಿದ್ದಾನೆ.

ಕಣ್ಣಾರೆ.

ಕೊಟ್ಟಿಗೆಯ ಹಿಂದೆ ಹೋಗಿ ನಕ್ಕೆ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ನಾನು ಕೈ ಎತ್ತಬೇಕಾಗಿಯೂ ಬರಲಿಲ್ಲ. ಸುಮ್ಮನೆ ಇದ್ದರೆ ಸಾಕು. ಅವನೂ ಎಪ್ಪತ್ತು ಹೆಜ್ಜೆ ನಡೆದು ತಿರುಗುವುದನ್ನು ಕಲಿಯುತ್ತಾನೆ.

ಮಾರ್ಚ್ ೧೦

ಕೆಲಸ ಜಾಸ್ತಿ. ಉಳಿ ಜಾರಿ ಹೆಬ್ಬೆರಳು ಕೊಯ್ದುಕೊಂಡೆ. ಹಾಗೆ ಆಗಿ ಹತ್ತು ವರ್ಷವಾಗಿತ್ತು.

ಮಾರ್ಚ್ ೧೩, ಮಂಗಳವಾರ

ಚಾಮಯ್ಯನ ಹೆಂಡತಿ ಚಿಕ್ಕಬೀರಮ್ಮ ಗಂಡನಿಗೆ ಬುತ್ತಿ ತಂದಿದ್ದಳು. ಬಿಸಿಲಿಗೆ ತಲೆಸುತ್ತಿ ನಮ್ಮ ಅಂಗಡಿಯ ಮುಂದೆಯೇ ಕುಸಿದು ಕುಳಿತಳು. ಬಷೀರಾಬಿ ಒಳಗೆ ಕರೆಸಿ ಮಜ್ಜಿಗೆ ಕೊಟ್ಟರು. ಸುಧಾರಿಸಿಕೊಂಡು ಹೋಗುವಾಗ ನನ್ನನ್ನು ನೋಡಿದಳು. ಚೀರುತ್ತಾಳೆ, ಕಾಲಿಗೆ ಬೀಳುತ್ತಾಳೆ ಅಂದುಕೊಂಡೆ. ಎರಡೂ ಮಾಡಲಿಲ್ಲ.

"ನೀನು ಬಂದಿದ್ದೀಯ ಅಂತ ಬಸವಮ್ಮ ಯೋಳಿದ್ಲು," ಅಂದಳು. "ಸಂತೋಸ ಪಡು ಮಾದೇವಣ್ಣ. ನಿಂಗೆ ಹಕ್ಕದೆ. ನಾನು ಬ್ಯಾಡ ಅನ್ನಕ್ಕಿಲ್ಲ."

ಅವತ್ತು ಅವನು ಎಲ್ಲಿದ್ದ ಎಂದು ಕೇಳಿದೆ. ಯಾಕೆ ಕೇಳಿದೆನೋ. ಕೆರೆಯಲ್ಲಿದ್ದೆ ಅನ್ನುತ್ತಾನೆ, ಹೆಂಗಸರು ಬಂದದ್ದು ನಾಲ್ಕರ ಮೇಲೆ, ಅದಕ್ಕೂ ಮುಂಚೆ ನೋಡಿದವರು ಯಾರೂ ಇಲ್ಲ ಅಂದಳು. ಯಾರಾದರೂ ಇದ್ದರಾ ಎಂದು ವಕೀಲರು ಹತ್ತು ಸಲ ಕೇಳಿದರಂತೆ. ಯಾರೂ ಇರಲಿಲ್ಲ ಎಂದನಂತೆ. ವಿಚಾರಣೆ ಇಪ್ಪತ್ತೊಂದಕ್ಕೆ.

ಅವಳು ಹೋದ ಮೇಲೆ ಒಂದೇ ಹಲಗೆಯನ್ನು ಎರಡು ಸಲ ಅಳತೆ ತಪ್ಪಿ ಕೊಯ್ದೆ.

ಮಾರ್ಚ್ ೧೬, ಶುಕ್ರವಾರ. ಯುಗಾದಿ

ಅಂಗಡಿಗೆ ರಜೆ. ಸಾಬರು ನಮಾಜು ಮುಗಿಸಿ ಬಂದು, ಒಂದು ವಾರದಿಂದ ನೀನು ಮರ ಹಾಳು ಮಾಡುತ್ತಿದ್ದೀಯ, ಏನು ವಿಷಯ ಅಂದರು. ಹೇಳಿಬಿಟ್ಟೆ. ಕಾಡು, ಕೋರ್ಟು, ಅವ್ವನ ಬಿಂದಿಗೆ, ಪೊದೆ, ಮಚ್ಚು, ಬಿಳಿ ಎತ್ತು, ಎಲ್ಲವನ್ನೂ.

ಕೊನೆಗೆ ನಾನೇ, ಅವನು ಸುಳ್ಳು ಹೇಳಿ ನನ್ನನ್ನು ಕಳಿಸಿದ, ನಾನು ಏನೂ ಹೇಳದೆ ಅವನನ್ನು ಕಳಿಸುತ್ತೇನೆ, ನನ್ನದೇನು ತಪ್ಪು ಎಂದು ಕೇಳಿದೆ.

"ತಪ್ಪು ಅಂತ ನಾನು ಹೇಳಿದ್ನಾ?" ಅಂದರು ಸಾಬರು. "ಕಣ್ಣಲ್ಲಿ ಕಂಡ ಗವಾಹಿ, ಸಾಕ್ಷಿ, ಅದು ಅಮಾನತ್ ಇದ್ದ ಹಾಗೆ ಕಣಪ್ಪ. ಬೇರೆಯವ್ರ ವಸ್ತು. ಅದನ್ನ ಇಟ್ಕೋಬೇಕು ಅಂದ್ರೆ ಇಟ್ಕೋ. ಆದ್ರೆ ನೀನು ಹೋದ್ರೆ, ಪೊದೇಲಿ ಯಾಕೆ ಕೂತಿದ್ದೆ ಅಂತ ಕೇಳ್ತಾರೆ. ಅದಕ್ಕೂ ಜವಾಬು ತಯಾರಿರ್ಬೇಕು. ಮತ್ತೆ ಒಳಗೆ ಹಾಕಬಹುದು ನಿನ್ನ."

ಅದೇ ಅಲ್ಲವೇ. ಅವನಿಗಾಗಿ ನಾನು ಎರಡನೆಯ ಸಲ ಜೈಲಿಗೆ ಹೋಗಬೇಕೇ. ಸಾಬರಿಗೆ ಸಿಟ್ಟಿನಿಂದ ಹಾಗೆಯೇ ಅಂದೆ. ಅವರು ಬೇವು ಬೆಲ್ಲ ತಿಂದೆಯಾ ಎಂದು ಕೇಳಿ ಎದ್ದು ಹೋದರು.

ಮಾರ್ಚ್ ೧೯

ಹೋಗುವುದಿಲ್ಲ.

ಮಾರ್ಚ್ ೨೧, ಬುಧವಾರ

ಹೋದೆ.

ಬೆಳಿಗ್ಗೆ ಹೊರಟದ್ದು ನೋಡಲಿಕ್ಕೆ ಮಾತ್ರ. ಅವನು ಕಟಕಟೆಯಲ್ಲಿ ನಿಲ್ಲುವುದನ್ನು ಕಣ್ಣು ತುಂಬ ನೋಡಬೇಕೆಂದು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಪಟೇಲರ ಆಳು ಬಂದು ಪ್ರಮಾಣ ಮಾಡಿದ. ಮೂರು ಗಂಟೆಗೆ ಚಾಮಯ್ಯ ಬಣವೆಯಿಂದ ಓಡಿದ್ದನ್ನು ಕಣ್ಣಾರೆ ಕಂಡೆ ಅಂದ. ಹೇಳುವಾಗ ಚಾಮಯ್ಯನ ಕಡೆ ನೋಡದೆ ಗೋಡೆಯ ಗಡಿಯಾರ ನೋಡಿದ. ಆ ನೋಟ ನನಗೆ ಗೊತ್ತಿತ್ತು. ನನಗಿಂತ ಚೆನ್ನಾಗಿ ಅದನ್ನು ಬಲ್ಲವರು ಆ ಕೋಣೆಯಲ್ಲಿ ಚಾಮಯ್ಯನನ್ನು ಬಿಟ್ಟರೆ ಯಾರೂ ಇರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು, ಸುಳ್ಳು ಅಂದುಬಿಟ್ಟೆ.

ಜವಾನ ಬಂದು ರಟ್ಟೆ ಹಿಡಿದ. ಚಾಮಯ್ಯನ ವಕೀಲರು ಎದ್ದು ಏನೋ ಇಂಗ್ಲಿಷಿನಲ್ಲಿ ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಮುಂದಕ್ಕೆ ಕರೆದು ಪ್ರಮಾಣ ಮಾಡಿಸಿದರು. ಕಂಡದ್ದನ್ನೆಲ್ಲ ಹೇಳಿದೆ. ಎಡಗಡೆಯ ಬಿಳಿ ಎತ್ತು, ಎಡ ಹಿಂಗಾಲು, ಗೊರಸಿನ ಸೀಳಿನಲ್ಲಿ ಮುಳ್ಳು, ಬಿಸಿ ಕಲ್ಲು, ಗೇರೆಣ್ಣೆ, ಎಡತೊರೆಯ ಬಸ್ಸು.

ಮ್ಯಾಜಿಸ್ಟ್ರೇಟರು ನನ್ನನ್ನೇ ನೋಡಿ, ಪೊದೆಯಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದರು.

"ಅವ್ನ ಕಡಿಯಕ್ಕೆ ಕುಂತಿದ್ದೆ, ಬುದ್ಧಿ," ಅಂದೆ.

ಎದುರು ಕಡೆಯ ವಕೀಲರು ಎದ್ದು, ಈತ ಮೊದಲೇ ಜೈಲು ಕಂಡವನು, ಇವನ ಮಾತಿಗೆ ಬೆಲೆಯಿಲ್ಲ ಎಂದರು. ಮ್ಯಾಜಿಸ್ಟ್ರೇಟರು ಹೌದೇ ಎಂದರು. ಹೌದು, ಎಂಟು ವರ್ಷ ಎಂದೆ. ಯಾರ ಸಾಕ್ಷಿಯ ಮೇಲೆ ಎಂದರು.

"ಅಲ್ಲಿ ನಿಂತವ್ನಲ್ಲ ಬುದ್ಧಿ, ಅವ್ನ ಸಾಕ್ಷಿ ಮ್ಯಾಲೆ."

ಅವರು ಲೇಖನಿ ಕೆಳಗಿಟ್ಟರು. ನಾನು ಚಾಮಯ್ಯನ ಕಡೆ ತಿರುಗಿದೆ. ಎಂಟು ವರ್ಷ ಕಾದದ್ದು ಸಿಕ್ಕಿತು. ಅವನು ತಲೆ ಎತ್ತಿ ನನ್ನ ಮುಖ ನೋಡಿದ. ನೋಡಲಾರದೆ ಕಟಕಟೆಯ ಕಂಬಿ ಹಿಡಿದುಕೊಂಡ.

ಮಧ್ಯಾಹ್ನ ಎತ್ತನ್ನು ತರಿಸಿ ದನದ ಡಾಕ್ಟರಿಂದ ಗೊರಸು ನೋಡಿಸಿದರು. ಗಾಯ ನಾನು ಹೇಳಿದಲ್ಲೇ ಇತ್ತು. ಆಳನ್ನು ಮತ್ತೆ ನಿಲ್ಲಿಸಿ ಕೇಳಿದಾಗ ಅವನಿಗೆ ಗಡಿಯಾರದ ಗಂಟೆ ಓದಲು ಬಾರದೆಂದು ತಿಳಿಯಿತು. ಸಂಜೆ ಚಾಮಯ್ಯನನ್ನು ಬಿಟ್ಟರು. ನನಗೆ ಛೀಮಾರಿ ಹಾಕಿ, ಒಂದು ವರ್ಷ ಯಾರ ತಂಟೆಗೂ ಹೋಗುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡರು. ಸಾಬರು ಜಾಮೀನು ನಿಂತರು. ಮಚ್ಚನ್ನು ಪೊಲೀಸರು ತೆಗೆದುಕೊಂಡು ಹೋದರು.

ಅವನಿಗೆ ಒಳ್ಳೆಯದು ಮಾಡಲು ನಾನು ಎದ್ದು ನಿಲ್ಲಲಿಲ್ಲ. ಕಂಡದ್ದನ್ನು ಕಂಡಂತೆ ಹೇಳುವುದು ಎಂದರೆ ಹೇಗೆ ಎಂದು ಅವನ ಕಣ್ಣೆದುರು ತೋರಿಸಿದೆ. ಅವನು ಬದುಕಿರುವಷ್ಟು ದಿನ ಅದು ಅವನನ್ನು ಚುಚ್ಚಲಿ. ಮಚ್ಚಿನ ಪೆಟ್ಟಾಗಿದ್ದರೆ ಒಂದು ಗಳಿಗೆಗೆ ಮುಗಿದುಹೋಗುತ್ತಿತ್ತು.

ಮಾರ್ಚ್ ೨೪, ಶನಿವಾರ

ಚಾಮಯ್ಯ ಅಂಗಡಿಗೆ ಬಂದ. ಸಾಬರು ಒಳಗೆ ಹೋದರು. ಅವನು ಬಾಗಿಲಲ್ಲೇ ನಿಂತ. ನಾನು ಹಲಗೆಗೆ ಉಜ್ಜುಗೊರಡು ಹೊಡೆಯುತ್ತಲೇ ಇದ್ದೆ.

"ಪೊದೇಲಿ ನೀನು ಕುಂತಿದ್ದು ನಂಗೆ ಗೊತ್ತಿತ್ತು ಕಣ್ಲಾ," ಅಂದ. "ಟವಲ್ಲು ಕಂಡೆ, ಮಚ್ಚೂ ಕಂಡೆ. ಅದ್ಕೇ ತಲೆ ಎತ್ನಿಲ್ಲ. ಒಡೀಲಿ ಅಂತ ಬಗ್ಗಸ್ಕೊಂಡೇ ಇದ್ದೆ."

ಹಾಗಾದರೆ ಕೋರ್ಟಿನಲ್ಲಿ ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದೆ.

"ಯೋಳಿದ್ರೆ ನಿನ್ನ ಒಳೀಕೆ ಆಕೋರು. ಎರಡ್ನೇ ಸಲ ನನ್ನ ಬಾಯಿಂದ ಅದು ಬರೋದು ಬ್ಯಾಡ ಅಂದ್ಕೊಂಡೆ."

ಉಜ್ಜುಗೊರಡು ಕೆಳಗಿಟ್ಟೆ. ಸಮಾಧಾನವಾಗಲಿಲ್ಲ, ಕೋಪ ಬಂತು. ಪೊದೆಯಲ್ಲಿ ಎರಡು ಗಂಟೆ ಹೊತ್ತು ನಾನೇ ಅವನನ್ನು ಬದುಕಲು ಬಿಟ್ಟಿದ್ದೇನೆ ಅಂದುಕೊಂಡಿದ್ದೆ. ಅವನೂ ಅಲ್ಲಿ ನನಗೆ ತನ್ನ ಕತ್ತನ್ನೇ ಕೊಟ್ಟು ಕುಳಿತಿದ್ದನಂತೆ. ಅದನ್ನೂ ನನ್ನಿಂದ ಕಿತ್ತುಕೊಂಡ ಹಾಗಾಯಿತು.

ಕಾಲಿಗೆ ಬೀಳಲು ಬಗ್ಗಿದ. ಬೇಡ ಅಂದೆ. ನನ್ನ ಕಾಲಿನಿಂದ ಏನೂ ಆಗುವುದಿಲ್ಲ, ನಿಜ ಯಾರಿಗೆ ಸಲ್ಲಬೇಕೋ ಅವರಿಗೆ ಹೇಳು ಅಂದೆ. ಕೈ ಕಳೆದುಕೊಂಡ ಗಾರ್ಡು ದೊಡ್ಡಮಾದಯ್ಯನವರು ಹೆಗ್ಗಡದೇವನಕೋಟೆಯ ಹತ್ತಿರ ತಮ್ಮ ಊರಿನಲ್ಲಿದ್ದಾರೆ. ಅಲ್ಲಿಗೆ ಬಂದು ನನ್ನ ಎದುರಿಗೆ ಹೇಳು. ಬರುತ್ತೇನೆ ಅಂದ.

ಮಾರ್ಚ್ ೩೧, ಶನಿವಾರ. ಹೆಗ್ಗಡದೇವನಕೋಟೆಯ ದಾರಿ

ಅವನ ಗಾಡಿಯಲ್ಲೇ ಹೊರಟೆವು. ಅವನು ಮುಂದೆ ಕುಳಿತು ಎತ್ತು ಹೊಡೆದ. ನಾನು ಹಿಂದೆ, ಹಿಂದಕ್ಕೆ ಮುಖ ಮಾಡಿ ಕಾಲು ಇಳಿಬಿಟ್ಟು ಕುಳಿತೆ. ಇಡೀ ದಿನ ಮಾತಿಲ್ಲ. ಹೀಗೆ ಕುಳಿತವನಿಗೆ ಬರುವ ಊರು ಕಾಣುವುದಿಲ್ಲ, ಬಿಟ್ಟು ಬಂದದ್ದು ಮಾತ್ರ ಚಿಕ್ಕದಾಗುತ್ತಾ ಹೋಗುವುದು ಕಾಣುತ್ತದೆ. ಕಾಡು ಹತ್ತಿರವಾದಂತೆ ಮುತ್ತುಗ ಕೆಂಪಗೆ ಹೂಬಿಟ್ಟಿತ್ತು. ಎಡಗಡೆಯ ಚಕ್ರ ಸದ್ದೇ ಮಾಡಲಿಲ್ಲ.

ಒಂದು ಮಂಟಪದಲ್ಲಿ ತಂಗಿದ್ದೇವೆ. ಚಿಕ್ಕಬೀರಮ್ಮ ಕಟ್ಟಿಕೊಟ್ಟ ಬುತ್ತಿಯಲ್ಲಿ ನನಗೂ ಸೇರಿಸಿಯೇ ಇತ್ತು. ಮುಟ್ಟಲಿಲ್ಲ. ಸಾಬರ ಮನೆಯ ರೊಟ್ಟಿ ತಿಂದೆ. ಅವನೂ ಬುತ್ತಿ ಬಿಚ್ಚಲಿಲ್ಲ.

ಏಪ್ರಿಲ್ ೧, ಭಾನುವಾರ. ದೊಡ್ಡಮಾದಯ್ಯನವರ ಮನೆ

ಮುದುಕರಾಗಿದ್ದಾರೆ. ಜಗಲಿಯ ಮೇಲೆ ಕುಳಿತು, ಹುಣಸೆಹಣ್ಣನ್ನು ಕಾಲಿನಲ್ಲಿ ಒತ್ತಿ ಹಿಡಿದು ಎಡಗೈಯಿಂದ ಬೀಜ ಬಿಡಿಸುತ್ತಿದ್ದರು. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದು ಆ ಕೈಯಿಂದಲೇ ಪಕ್ಕದಲ್ಲಿದ್ದ ಕತ್ತಿ ತೆಗೆದುಕೊಂಡರು. ನಾನು ಅಂಗಳದಲ್ಲೇ ನಿಂತು, ಇವನ ಮಾತು ಕೇಳಿ, ಆಮೇಲೆ ಏನು ಬೇಕಾದರೂ ಮಾಡಿ ಅಂದೆ.

ಚಾಮಯ್ಯ ಹೇಳಿದ. ಮೂರೇ ಮಾತು. ಕಡಿದವನು ನನ್ನ ತಮ್ಮ. ಮಾದೇವ ಕಡಿಯಲಿಲ್ಲ. ನಾನು ಕೋರ್ಟಿನಲ್ಲಿ ಸುಳ್ಳು ಹೇಳಿದೆ. ಈ ಮಾತನ್ನು ಕೇಳುವಾಗ ಹೇಗಿರುತ್ತದೆ ಎಂದು ನಾನು ಎಂಟು ವರ್ಷ ನೆನೆಸಿಕೊಂಡಿದ್ದೆ. ಕೇಳುವಾಗ ನಾನು ನೋಡುತ್ತಿದ್ದದ್ದು ಮುದುಕರ ತೋಳಿನ ಮೊಂಡು ತುದಿಯನ್ನು.

ಕಡಿದವನು ಎಲ್ಲಿದ್ದಾನೆ ಎಂದು ಕೇಳಿದರು. ಸತ್ತು ಆರು ವರ್ಷವಾಯಿತು ಎಂದ ಚಾಮಯ್ಯ. ಅವರು ಕತ್ತಿ ಕೆಳಗಿಟ್ಟು, ಹೋಗು ಎಂದು ಎಡಗೈ ಆಡಿಸಿದರು. ಅವನು ಹೋಗಿ ಬೀದಿಯಲ್ಲಿ ಗಾಡಿಯ ಹತ್ತಿರ ಬಿಸಿಲಿನಲ್ಲಿ ನಿಂತ.

ನನ್ನನ್ನು ಜಗಲಿಗೆ ಕರೆದು ಕೂರಿಸಿದರು. ಮತ್ತೆ ಹುಣಸೆಬೀಜ ಬಿಡಿಸಲು ಹಿಡಿದರು.

"ಎಂಟು ವರ್ಸ ದಿನಾ ಬೆಳಗ್ಗೆ ಎದ್ದು, ಎಡಗೈಲಿ ಮೊಕ ತೊಳ್ದು, ನಿನ್ನ ಎಸ್ರು ಯೋಳಿ ಶಾಪ ಆಕ್ತಿದ್ದೆ ಕಣಪ್ಪ," ಅಂದರು. "ಅದಾದ್ ಮ್ಯಾಲೇ ನಂಗೆ ಗಂಜಿ ಇಳೀತಿದ್ದದ್ದು. ಈಗ ನಾಳೆ ಬೆಳಗ್ಗೆ ಎದ್ದು ಯಾರ್ನ ಬಯ್ಯಾನ?"

"ನನ್ನೇ ಬಯ್ರಿ," ಅಂದೆ. "ನಂಗೆ ರೂಢಿ ಆಗದೆ."

ಮುದುಕರು ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಕೆಮ್ಮು ಬಂತು, ಕೆಮ್ಮಿನ ನಡುವೆಯೂ ನಕ್ಕರು. ನನಗೂ ನಗು ಬಂತು. ಒಳಗಿನಿಂದ ಅವರ ಸೊಸೆ ಹೆದರಿ ಓಡಿ ಬಂದು ನೋಡಿದಳು.

ಅವಳು ನೀರು ತಂದಿಟ್ಟಳು. ನಾನು ಕುಡಿದೆ. ಅವನಿಗೂ ಬಾಯಾರಿರುತ್ತದೆ, ಒಳಕ್ಕೆ ಕರಿ ಅಂದರು ಮುದುಕರು.

ನಾನು ಕರೆಯಲಿಲ್ಲ. ಅವನನ್ನು ಹೆಸರು ಹಿಡಿದು ಕರೆಯಲು ನನ್ನ ಬಾಯಿ ಬರುವುದಿಲ್ಲ, ಮುಂದೆಯೂ ಬರುವುದಿಲ್ಲ. ಚೊಂಬಿನಲ್ಲಿ ನೀರು ತುಂಬಿಕೊಂಡು ಬೀದಿಗೆ ಹೋಗಿ, ಗಾಡಿಯ ಹಲಗೆಯ ಮೇಲೆ ಇಟ್ಟು ಬಂದೆ. ಕುಡಿದನೋ ಇಲ್ಲವೋ ತಿರುಗಿ ನೋಡಲಿಲ್ಲ.